ಅಜ್ಜಿಯ ಹೆಸರೇನು?



ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಮೂರು ಸಲ ಫೋನು ಮಾಡಿದರು. ಮೊದಲೆರಡು ಸಲ ಆಸ್ಪತ್ರೆಯ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ನಾನು ಸಾಹಿತಿಯಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹ್ಯೂಸ್ಟನ್ನಿನಲ್ಲಿ ರೆಸಿಡೆನ್ಸಿ ಮಾಡಿ, ಕೆಲವು ವರ್ಷ ಆಸ್ಟಿನ್ನಿನಲ್ಲಿದ್ದು, ಈಗ ಡಲ್ಲಾಸಿನಲ್ಲಿ ಜನರ ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡಿಕೊಂಡಿರುವ ವೈದ್ಯ. ಬರೆದದ್ದೆಲ್ಲ ಬಹುಪಾಲು ಔಷಧಿಯ ಚೀಟಿಗಳೇ. ಮೂರನೆಯ ಸಲ ಒಪ್ಪಿಕೊಂಡದ್ದಕ್ಕೆ ಕಾರಣ ನನ್ನ ಮಗಳು ಕೇಳಿದ ಒಂದು ಪ್ರಶ್ನೆ.

ಅವಳು ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಒಂದು ಭಾನುವಾರ ಸಂಜೆ ಫೋನು ಮಾಡಿ, "ಅಪ್ಪ, ಕ್ಲಾಸಿನಲ್ಲಿ ನಮ್ಮ ಮನೆತನದ ಹೆಂಗಸರ ಹೆಸರು ನಾಲ್ಕು ತಲೆಮಾರಿನವರೆಗೆ ಬರೆಯೋದಕ್ಕೆ ಹೇಳಿದ್ದಾರೆ. ನಿಮ್ಮ ಅಮ್ಮನ ಅಮ್ಮನ ಹೆಸರೇನು?" ಎಂದಳು. ಹೇಳೋಣವೆಂದು ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ನನಗೆ ಅದು ಯಾವತ್ತೂ ಗೊತ್ತೇ ಇರಲಿಲ್ಲ!

ಏಳು ವರ್ಷದವರೆಗೆ ನನ್ನನ್ನು ಸಾಕಿದವಳು ಆ ಅಜ್ಜಿ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಮನೆ. ಬೆಳಿಗ್ಗೆ ಎದ್ದರೆ ಹಂಡೆ ಒಲೆಯ ಹೊಗೆ, ಅವಳ ಸೀರೆಯ ಸೆರಗಿನಲ್ಲಿ ಕಾಯಿಸಿದ ತುಪ್ಪದ ವಾಸನೆ. ಜ್ವರ ಬಂದರೆ ಹಣೆಯ ಮೇಲೆ ಅಂಗೈ ಇಟ್ಟು, "ಇದು ನಾಳೆಗೆ ಇಳಿಯುತ್ತೆ" ಎಂದು ಹೇಳಿಬಿಡುತ್ತಿದ್ದಳು, ಇಳಿಯುತ್ತಿತ್ತು. ಮೂವತ್ತು ವರ್ಷದಿಂದ ರೋಗಿಗಳ ಹಣೆ ಮುಟ್ಟುವಾಗಲೆಲ್ಲ ನನಗೆ ಆ ಕೈಯೇ ನೆನಪಾಗುತ್ತದೆ. ಆದರೆ ನಮಗೆಲ್ಲ ಅವಳು ಅಜ್ಜಿ, ನಮ್ಮಮ್ಮನಿಗೆ ಅಮ್ಮ, ಊರಿನವರಿಗೆ ದೊಡ್ಡಮ್ಮ, ತಾತನಿಗೆ "ಲೇ, ಇವಳೇ". ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ.

ಹಾಸನದಲ್ಲಿರುವ ಅಮ್ಮನಿಗೆ ಫೋನು ಮಾಡಿದೆ. ಅಮ್ಮನಿಗೆ ಎಂಬತ್ತು ದಾಟಿದೆ. ಮೂರು ವರ್ಷದಿಂದ ಮರೆವಿನ ಕಾಯಿಲೆ. "ಅಮ್ಮ, ನಿನ್ನ ಅಮ್ಮನ ಹೆಸರೇನು?" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಹೆಸರು ಯಾಕೋ? ಅಮ್ಮ ಅಂತ ಕರೀತಾರೆ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕಪಾಟಿನಲ್ಲಿದ್ದ ಕನ್ನಡ ಪುಸ್ತಕಗಳನ್ನು ತೆಗೆದು ಕುಳಿತೆ. ನಮ್ಮ ಜನ ತಮ್ಮ ಪ್ರೀತಿಪಾತ್ರರನ್ನು ಹೇಗೆ ನೆನಪಿಟ್ಟುಕೊಂಡರು, ಯಾರು ಅದನ್ನು ಬರೆದಿಟ್ಟರು ಎಂದು ಹುಡುಕುತ್ತ ಹೋದೆ. ಆಮೇಲಿನ ವಾರಗಳಲ್ಲಿ ಓದಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕಲ್ಲಿನಲ್ಲಿ ಉಳಿದವರು

ನಮ್ಮ ನಾಡಿನ ಹಳ್ಳಿಗಳಲ್ಲಿ ಬೆಳೆದವರೆಲ್ಲ ವೀರಗಲ್ಲು ನೋಡಿಯೇ ಇರುತ್ತೀರಿ. ಕೆರೆಯ ಏರಿಯ ಮೇಲೆ, ದೇವಸ್ಥಾನದ ಹಿಂದೆ ವಾಲಿಕೊಂಡು ನಿಂತಿರುತ್ತವೆ. ಕೆಳಗಡೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ನಾವು ಹುಡುಗರು ಅವುಗಳ ಮೇಲೆ ಹತ್ತಿ ಕುಣಿಯುತ್ತಿದ್ದೆವು. ಅವು ಯಾರದೋ ಮನೆಯ ಮಗನ ನೆನಪು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಇವುಗಳಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿದದ್ದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಮಯ. ಆ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಬೂತುಗನ ಕಡೆಯ ವೀರ ಮಣಲೆರ ಚೆನ್ನಾಗಿ ಕಾದಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಆ ಪುಣ್ಯಾತ್ಮ ಕೇಳಿದ್ದು ಒಂದು ನಾಯಿಯನ್ನು! ಹೆಸರು ಕಾಳಿ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ಪಾಪ ಬರುತ್ತದೆ ಎಂದೂ ಬರೆಸಿದ. ನಾಯಿಯೂ ಹಂದಿಯೂ ಕಾದುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಮನೆಯಲ್ಲಿ ನಾಯಿ ಸಾಕಿರುವ ನಮ್ಮ ಟೆಕ್ಸಾಸಿನ ಮಕ್ಕಳಿಗೆ ಕನ್ನಡದ ಇತಿಹಾಸ ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಆ ಯುದ್ಧದ ವಿಷಯಕ್ಕೆ ಇತಿಹಾಸಕಾರರು ಈ ಶಾಸನವನ್ನು ಓದುತ್ತಾರೆ. ನನಗೆ ಕಂಡದ್ದು ಬೇರೆ. ಸಾವಿರ ವರ್ಷದ ಹಿಂದಿನ ಎಷ್ಟೋ ಸಾಮಂತರ ಹೆಸರು ನಮಗೆ ಗೊತ್ತಿಲ್ಲ, ಒಂದು ನಾಯಿಯ ಹೆಸರು ಗೊತ್ತಿದೆ. ಯಾಕೆಂದರೆ ಅದನ್ನು ಪ್ರೀತಿಸಿದವನು ಬರೆಸಿಟ್ಟ.

ಅದೇ ಕಾಲದ ಇನ್ನೊಂದು ಶಾಸನ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಅದು ಇರುವುದು ಕರ್ನಾಟಕದಲ್ಲಲ್ಲ, ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಬೆಟ್ಟದಲ್ಲಿ. ಬಂಡೆಯ ಮೇಲೆ ಜಿನಮೂರ್ತಿಗಳು, ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಯ ಬರವಣಿಗೆ. ಕೆತ್ತಿಸಿದವನು ಜಿನವಲ್ಲಭ. ಅವನು ಯಾರೆಂದರೆ ಆದಿಕವಿ ಪಂಪನ ತಮ್ಮ.

ಪಂಪ ಕ್ರಿ.ಶ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ. ಅದರಲ್ಲಿ ತನ್ನ ತಂದೆ, ತಾತ, ಮುತ್ತಾತಂದಿರ ವಿಷಯ ಹೇಳಿಕೊಂಡಿದ್ದಾನೆ. ಅರ್ಜುನನ ಕಥೆಯ ನಡುವೆ ಬನವಾಸಿಯನ್ನು ನೆನೆದು ಮನಸ್ಸು ಮಿಡಿಯುವ ಪದ್ಯಗಳನ್ನೂ ಬರೆದಿದ್ದಾನೆ; ಊರು ಬಿಟ್ಟು ಬಂದ ನಮ್ಮಂಥವರು ಶಾಲೆಯಲ್ಲಿ ಕಂಠಪಾಠ ಮಾಡಿದ್ದು, ಅರ್ಥವಾಗಿದ್ದು ಮಾತ್ರ ಇಲ್ಲಿಗೆ ಬಂದ ಮೇಲೆ. ಆದರೆ ಪಂಪನ ತಾಯಿಯ ಹೆಸರು ನಮಗೆ ತಿಳಿದದ್ದು ತಮ್ಮನ ಶಾಸನದಿಂದ. ಅವಳು ಅಬ್ಬಣಬ್ಬೆ. ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣನ ಕವಿತೆಯ ಹಿರಿಮೆಯನ್ನು ಕಲ್ಲಿನಲ್ಲಿ ಬರೆಸಿದ ತಮ್ಮ, ಅದರ ಜೊತೆಗೇ ತಾಯಿಯ ಹೆಸರನ್ನೂ ಅವಳ ತವರನ್ನೂ ಬರೆಸಿದ. ಅಷ್ಟು ದೊಡ್ಡ ಕವಿಯ ಮನೆಯಲ್ಲಿ ಅಮ್ಮನ ಹೆಸರು ಉಳಿಸಿದ್ದು ಕಾವ್ಯ ಬರೆಯದ ತಮ್ಮ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಶತಮಾನದ ಮೂರನೆಯ ಕಥೆ ಅತ್ತಿಮಬ್ಬೆಯದು. ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು ತೀರಿಕೊಂಡ ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಪೊನ್ನ ಕವಿಯಿಂದ 'ಶಾಂತಿಪುರಾಣ' ಬರೆಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ಅವಳ ಗಂಡ ನಾಗದೇವ ಸತ್ತಾಗ ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದಳು. ಉಳಿದವಳು ಮಾಡಿದ ಕೆಲಸಗಳಲ್ಲಿ ಒಂದು, ಅಪ್ಪ ಚಿಕ್ಕಪ್ಪಂದಿರು ಬರೆಸಿದ್ದ ಆ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದ್ದು. ರನ್ನ 993ರಲ್ಲಿ 'ಅಜಿತಪುರಾಣ' ಬರೆದದ್ದು ಅವಳ ಆಶ್ರಯದಲ್ಲೇ. ಅವನು ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಒಂದು ಗರಿಯ ಮೇಲೆ ಕಂಟದಲ್ಲಿ ಕೊರೆಯುವುದು ಎಷ್ಟು ಹೊತ್ತಿನ ಕೆಲಸ, ಸಾವಿರ ಪ್ರತಿಗೆ ಎಷ್ಟು ಜನ ಕುಳಿತಿರಬೇಕು, ಯೋಚಿಸಿ. ನಮಗಾದರೋ ಗುಂಡಿ ಒತ್ತಿದರೆ ಜೆರಾಕ್ಸ್ ಬರುತ್ತದೆ. ಆದರೂ ನಮ್ಮ ಪತ್ರಿಕೆಗೆ ಲೇಖನ ಕಡಿಮೆ!

ಬೀಸುವ ಕಲ್ಲಿನ ಮುಂದೆ

ಕಲ್ಲು ನಿಲ್ಲಿಸಲು ಹಣ ಬೇಕು, ಕಾವ್ಯಕ್ಕೆ ಓದು ಬೇಕು. ಎರಡೂ ಇಲ್ಲದ ಹೆಂಗಸರು ಏನು ಮಾಡಿದರು? ನಸುಕಿನಲ್ಲಿ ಎದ್ದು ರಾಗಿ, ಜೋಳ ಬೀಸುತ್ತ ಹಾಡಿದರು. ವಿಜಾಪುರದ ಕಡೆಯ ಹಲಸಂಗಿಯ ಗೆಳೆಯರು ಅಂಥ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅದರಲ್ಲಿ ದೇವರಿದ್ದಾನೆ, ಮಗುವಿದೆ, ಗಂಡನ ಮನೆಯ ಕಷ್ಟವಿದೆ. ಎಲ್ಲಕ್ಕಿಂತ ಹೆಚ್ಚಾಗಿ ತವರಿದೆ. ಹಡೆದವ್ವ, ಅಣ್ಣ, ತಮ್ಮ, ಬಾಲ್ಯದ ಅಂಗಳ. ಹತ್ತು ಹರಿದಾರಿ ದೂರದ ಊರಿಗೆ ಮದುವೆಯಾಗಿ ಹೋದವಳಿಗೆ ಅದು ಬೇರೆ ದೇಶವೇ ಆಗಿತ್ತು.

ನಮ್ಮಜ್ಜಿಯೂ ಬೀಸುತ್ತ ಹಾಡುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ಮತ್ತೆ ನಿದ್ದೆ ಹೋಗುತ್ತಿದ್ದೆ. ಹಾಡಿನ ಮಾತು ಒಂದೂ ನೆನಪಿಲ್ಲ, ಕಲ್ಲು ತಿರುಗುವ ಸದ್ದಿನ ಜೊತೆ ಏರಿ ಇಳಿಯುವ ದನಿ ಮಾತ್ರ ಇದೆ. ತವರಿನ ಹಾಡು ಹೆಂಗಸರದು ಎಂದು ನಾವು ಗಂಡಸರು ತಿಳಿದಿದ್ದೆವು. ಎರಡು ಸೂಟ್‌ಕೇಸು ಹಿಡಿದುಕೊಂಡು ಹ್ಯೂಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಇಳಿದ ದಿನ, ತವರು ಎಂದರೇನೆಂದು ನನಗೂ ತಿಳಿಯಿತು.

ಅಚ್ಚಾದ ನೆನಪುಗಳು

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ನೆನಪುಗಳ ಸಂತೆಯೇ ನೆರೆದಿದೆ. ಎಲ್ಲವನ್ನೂ ಹೇಳಲು ಜಾಗವಿಲ್ಲ, ಕೆಲವನ್ನು ಮಾತ್ರ ಹೇಳುತ್ತೇನೆ.

ಬೇಂದ್ರೆಯವರ ಕಾವ್ಯನಾಮ ಅಂಬಿಕಾತನಯದತ್ತ ಎಂದು ನಮಗೆಲ್ಲ ಗೊತ್ತು. ಬಿಡಿಸಿ ನೋಡಿದರೆ ಅಂಬಿಕೆಯ ಮಗ ದತ್ತ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ಹೆಸರನ್ನು ತಮ್ಮ ಹೆಸರಿಗಿಂತ ಮುಂದಿಟ್ಟುಕೊಂಡರು. ಹಾಗಾಗಿ ಅವರ ಪ್ರತಿಯೊಂದು ಕವಿತೆಯ ಕೆಳಗೂ ಆ ತಾಯಿ ಇದ್ದಾಳೆ. ಅವರ ಎಷ್ಟೋ ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಮಗು ಸತ್ತ ಮನೆಯಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಕವಿತೆಯನ್ನು ಅವರು ಬರೆದರು. ಈಗ ಅದನ್ನು ಭಾವಗೀತೆಯಾಗಿ ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ವೈದ್ಯನಾಗಿ ನನಗೆ ಆ ಕವಿತೆ ಕೇಳುವುದು ಕಷ್ಟ. ಪೆನ್ಸಿಲಿನ್ ಜನಸಾಮಾನ್ಯರ ಕೈಗೆ ಬಂದದ್ದು 1940ರ ದಶಕದ ಮೇಲೆ. ಅದಕ್ಕೆ ಮುಂಚೆ ತೊಟ್ಟಿಲು ಖಾಲಿಯಾಗದ ಮನೆಯೇ ಅಪರೂಪ. ಆ ಮನೆಗಳೆಲ್ಲ ಅತ್ತವು. ಅವರೆಲ್ಲರ ಪರವಾಗಿ ಧಾರವಾಡದ ಒಬ್ಬ ಮೇಷ್ಟರು ಬರೆದಿಟ್ಟರು.

ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಕಾವ್ಯ ಅಚ್ಚಾದದ್ದು 1949ರಲ್ಲಿ. ಹತ್ತು ವರ್ಷದ ಮೇಲೂ ಶಿಷ್ಯ ಗುರುವಿಗೆ ಒಪ್ಪಿಸಬೇಕಾದ್ದನ್ನು ಮರೆತಿರಲಿಲ್ಲ. ಅದೇ ಕುವೆಂಪು ತಮ್ಮ ಬಾಲ್ಯವನ್ನೆಲ್ಲ 1980ರಲ್ಲಿ 'ನೆನಪಿನ ದೋಣಿಯಲ್ಲಿ' ಬರೆದರು. ಮುಂದೆ ಅವರ ಮಗ ಪೂರ್ಣಚಂದ್ರ ತೇಜಸ್ವಿ 1996ರಲ್ಲಿ 'ಅಣ್ಣನ ನೆನಪು' ತಂದರು. ಮಲೆನಾಡಿನಲ್ಲಿ ತಂದೆಯನ್ನು ಅಣ್ಣ ಎನ್ನುವ ವಾಡಿಕೆ. ಆ ಪುಸ್ತಕದಲ್ಲಿ ಮಹಾಕವಿಯ ಪಟಕ್ಕೆ ಹಾರ ಹಾಕಿಲ್ಲ. ಮನೆಯಲ್ಲಿ ಓಡಾಡುವ, ಮಕ್ಕಳ ತಂಟೆ ಸಹಿಸಿಕೊಳ್ಳುವ ಒಬ್ಬ ಅಪ್ಪನಿದ್ದಾನೆ. ಓದುತ್ತ ನಗು ಬರುತ್ತದೆ, ನಗುತ್ತಿರುವಾಗಲೇ ಕಣ್ಣು ಒದ್ದೆಯಾಗುತ್ತದೆ. ಡಿ.ವಿ.ಜಿ.ಯವರ ಎಂಟು ಸಂಪುಟದ 'ಜ್ಞಾಪಕ ಚಿತ್ರಶಾಲೆ'ಯ ರೀತಿ ಬೇರೆ. ದಿವಾನರಷ್ಟೇ ಆದರದಿಂದ ಹೆಸರಿಲ್ಲದ ವೈದಿಕರನ್ನೂ ಹಾಡುವವರನ್ನೂ ನೆನೆದು, ತಮ್ಮ ವಿಷಯ ಹೇಳಿಕೊಳ್ಳದೆ ಪಕ್ಕಕ್ಕೆ ನಿಂತುಬಿಟ್ಟರು.

ನಮ್ಮ ಹಾಸನದ ಕಡೆಯ ಎಸ್.ಎಲ್. ಭೈರಪ್ಪನವರ ಬಾಲ್ಯ ಪ್ಲೇಗಿನ ಕಾಲದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗಿಗೆ ಕಳೆದುಕೊಂಡ ಹುಡುಗ ಬೆಳೆದು 1970ರಲ್ಲಿ 'ಗೃಹಭಂಗ' ಬರೆದರು, 1996ರಲ್ಲಿ ಆತ್ಮಕಥೆ 'ಭಿತ್ತಿ'. ಗೃಹಭಂಗದ ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮಕ್ಕಳನ್ನು ಸಾಕುತ್ತಾಳೆ. ಸರ್ಕಾರದ ಕಡತದಲ್ಲಿ ಅವಳ ಹೆಸರಿರುವುದಿಲ್ಲ, ಗಂಡನ ಹೆಸರಿರುತ್ತದೆ. ಮಗ ಕಾದಂಬರಿ ಬರೆಯದೆ ಹೋಗಿದ್ದರೆ ಅಂಥ ತಾಯಿ ಇದ್ದಳೆಂಬುದು ಆ ಊರು ದಾಟುತ್ತಿರಲಿಲ್ಲ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನಾನು ಮತ್ತೆ ಗೃಹಭಂಗ ತೆಗೆದೆ. ನಂಜಮ್ಮನ ಅಡಿಗೆಮನೆ ನಮ್ಮಜ್ಜಿಯ ಅಡಿಗೆಮನೆಯೇ ಆಗಿತ್ತು.

ಸಮುದ್ರ ದಾಟಿದವರು

ಇನ್ನು ನಮ್ಮಂತೆ ಊರು ಬಿಟ್ಟು ಬಂದವರ ಮಾತು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಬಂದು, ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದು, 1993ರಲ್ಲಿ ಅಲ್ಲೇ ತೀರಿಕೊಂಡರು. ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ತಂದೆ ಖಗೋಳವನ್ನೂ ಬಲ್ಲರು, ಜಾತಕವನ್ನೂ ನೋಡುವರು. ಎರಡೂ ಒಂದೇ ತಲೆಯಲ್ಲಿ ಹೇಗಿರುತ್ತವೆ ಎಂದು ಹುಡುಗನಾಗಿದ್ದಾಗ ಬಂದ ಸಿಟ್ಟನ್ನು, ದೊಡ್ಡವರಾದ ಮೇಲೆ 1989ರ ಒಂದು ಇಂಗ್ಲಿಷ್ ಪ್ರಬಂಧದಲ್ಲಿ ಪ್ರೀತಿಯಿಂದ ನೆನೆದರು. ಮನೆಯ ಹೆಂಗಸರು ಮಕ್ಕಳಿಗೆ ಅನ್ನ ಕಲಸಿ ಹಾಕುತ್ತ ಹೇಳುವ ಕಥೆಗಳನ್ನು ಕೂಡಿಸುವುದು ಅವರ ಜೀವಮಾನದ ಕೆಲಸ.

ಅವರು ಸಂಗ್ರಹಿಸಿದ ಒಂದು ಕನ್ನಡ ಕಥೆ ಇದು. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಕಥೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಇದ್ದು ಇದ್ದು ಬೇಸತ್ತು, ಒಂದು ದಿನ ಅವಳು ಮಲಗಿದ್ದಾಗ ಎರಡೂ ಹೊರಗೆ ಬಂದವು. ಕಥೆ ಒಂದು ಜೊತೆ ಗಂಡಸಿನ ಮೆಟ್ಟಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಕೋಟಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡ ಬಂದು ನೋಡಿ, ಯಾರು ಬಂದಿದ್ದರು ಎಂದು ಜಗಳ ತೆಗೆದ. ರಾತ್ರಿ ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಿದಾಗ, ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡಿಕೊಳ್ಳುವುದು ಕೇಳಿ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ, "ಯಾವ ಕಥೆ? ಯಾವ ಹಾಡು?" ಎಂದಳಂತೆ. ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ದೀಪಗಳು ಮಾತಾಡುವುದು ಈ ಕಥೆಯಿಂದಲೇ ಬಂದದ್ದು.

ಈ ಕಥೆ ಕೇಳಿ ನಾವು ನಗುತ್ತೇವೆ. ವೈದ್ಯನಾಗಿ ನನಗೆ ನಗು ಬರುವುದಿಲ್ಲ. ಹೇಳದೆ ಬಿಟ್ಟದ್ದು ಹೋಗಿಬಿಡುತ್ತದೆ ಎನ್ನುವುದು ಅಮ್ಮನ ಕಾಯಿಲೆಯಲ್ಲಿ ದಿನಾ ಕಾಣುತ್ತಿದೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಇವತ್ತಿನ ಬೆಳಗಿನ ನೆನಪು. ಬಾಲ್ಯದ ನೆನಪು ಬಹಳ ಕಾಲ ಇರುತ್ತದೆ. ಹಾಡು ಇನ್ನೂ ಹೆಚ್ಚು ಕಾಲ ಉಳಿಯುವುದುಂಟು. ಅಂದರೆ ಕೇಳುವುದಕ್ಕೆ ನಮಗೆ ಸ್ವಲ್ಪ ಸಮಯ ಸಿಗುತ್ತದೆ. ಆ ಸಮಯ ನನಗೆ ಸಿಕ್ಕಿತ್ತು. ಪ್ರತಿ ಶನಿವಾರ ಫೋನಿನಲ್ಲಿ "ಮಾತ್ರೆ ತಗೊಂಡ್ಯಾ? ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಟ್ಟೆ.

ಕೊನೆಯದಾಗಿ ನಮ್ಮ ಟೆಕ್ಸಾಸಿಗೇ ಸೇರಿದ ಒಬ್ಬರ ವಿಷಯ. 'ಕಾಂತಾಪುರ' ಬರೆದ ರಾಜಾ ರಾವ್ ಹುಟ್ಟಿದ್ದು 1908ರಲ್ಲಿ, ಹಾಸನದಲ್ಲಿ. ನಾಲ್ಕು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಕನ್ನಡ ಪಾಠ ಹೇಳುತ್ತಿದ್ದ ತಂದೆ ಇದ್ದದ್ದು ಹೈದರಾಬಾದಿನಲ್ಲಿ; ಹುಡುಗ ಕೆಲಕಾಲ ಬೆಳೆದದ್ದು ತಾತನ ಹತ್ತಿರ, ಹಾಸನ ಮತ್ತು ಹಾರಿಹಳ್ಳಿಯಲ್ಲಿ. 1929ರಲ್ಲಿ ಓದಲು ಫ್ರಾನ್ಸಿಗೆ ಹೋದರು. ಆ ದಿನಗಳಲ್ಲಿ ಧಾರವಾಡದ 'ಜಯಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದರು. ಆಮೇಲೆ ಇಂಗ್ಲಿಷಿಗೆ ಹೊರಳಿ, 1938ರಲ್ಲಿ 'ಕಾಂತಾಪುರ' ಪ್ರಕಟಿಸಿದರು. ಗಾಂಧೀಜಿಯ ಚಳವಳಿ ಒಂದು ಕನ್ನಡದ ಹಳ್ಳಿಗೆ ಬಂದ ಕಥೆ. ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಭಾಷೆ ಇಂಗ್ಲಿಷೇ ಆದರೂ ಉಸಿರು ನಮ್ಮ ಅಜ್ಜಿಯಂದಿರದು. ಒಂದು ಮಾತಿಗೆ ಇನ್ನೊಂದು ಸೇರಿಸಿ, ಊರದೇವತೆ ಕೆಂಚಮ್ಮನನ್ನು ನಡುನಡುವೆ ನೆನೆಸಿ, ಜಗಲಿಯ ಮೇಲೆ ಕೂತು ಹೇಳಿದ ಹಾಗೆ. ಅವರ 'ಅಕ್ಕಯ್ಯ' ಎಂಬ ಕಥೆಯಲ್ಲೂ ಒಬ್ಬ ವಿಧವೆಯ ಬಾಳಿದೆ. ಬೇರೆಯವರ ಮಕ್ಕಳನ್ನು ಸಾಕುವುದರಲ್ಲೇ ಸವೆದ ಬಾಳು. ತಾಯಿಯನ್ನು ನೆನಪಿಟ್ಟುಕೊಳ್ಳುವ ವಯಸ್ಸಿಗೂ ಮುಂಚೆ ಕಳೆದುಕೊಂಡ ಹುಡುಗ, ಮುದುಕಿಯರ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡು ಫ್ರಾನ್ಸಿನವರೆಗೂ ಹೊತ್ತುಕೊಂಡು ಹೋದ ಎಂದು ನನಗೆ ಅನ್ನಿಸುತ್ತದೆ.

1966ರಿಂದ ರಾಜಾ ರಾವ್ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಿವೃತ್ತರಾದ ಮೇಲೂ ಅಲ್ಲೇ ಉಳಿದರು. 1988ರಲ್ಲಿ ನ್ಯೂಸ್ಟಾಟ್ ಪ್ರಶಸ್ತಿ ಬಂತು. 2006ರ ಜುಲೈ 8ರಂದು, 97ನೆಯ ವಯಸ್ಸಿನಲ್ಲಿ ಆಸ್ಟಿನ್ನಿನಲ್ಲೇ ತೀರಿಕೊಂಡರು. ಅವರ ಕಾಗದಪತ್ರಗಳು ಅದೇ ವಿಶ್ವವಿದ್ಯಾಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರಿನಲ್ಲಿವೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ನಾನು ಊಟದ ಸಾಲಿನಲ್ಲಿ ಸಾರು ಬಡಿಸಿದವನು, ಕನ್ನಡಾಭಿಮಾನದ ಭಾಷಣಕ್ಕೆಲ್ಲ ಚಪ್ಪಾಳೆ ತಟ್ಟಿದವನು. ಮರುವರ್ಷ ಕೆಲಸಕ್ಕೆಂದು ಆಸ್ಟಿನ್ನಿಗೆ ಹೋಗಿ ಐದು ವರ್ಷ ಅಲ್ಲಿದ್ದೆ. ನಮ್ಮ ಜಿಲ್ಲೆಯ, ನಮ್ಮಜ್ಜಿಯಂಥವರ ನಡುವೆಯೇ ಬೆಳೆದ ಆ ಹಿರಿಯರು ಅದೇ ಊರಿನಲ್ಲಿದ್ದಾರೆಂಬುದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ. ಒಂದು ಸಲ ಹೋಗಿ ಕಾಲಿಗೆ ನಮಸ್ಕಾರ ಮಾಡಿ, "ನಿಮ್ಮ ಕಾಲದ ಹಾಸನ ಹೇಗಿತ್ತು?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಮ್ಮನನ್ನೂ ಕೇಳಲಿಲ್ಲ. ಹತ್ತಿರ ಇರುವವರನ್ನು ನಾಳೆ ಕೇಳಿದರಾಯಿತು ಎನ್ನುವುದೇ ನಮ್ಮ ದೊಡ್ಡ ಕಾಯಿಲೆ.

ಬಿಂದಿಗೆಯ ಶಾಸನ

ಕೊನೆಗೆ ಅಜ್ಜಿಯ ಹೆಸರು ಸಿಕ್ಕಿತು. ಊರಿನಲ್ಲಿರುವ ಸೋದರಮಾವನ ಮಗನಿಗೆ ಹೇಳಿದ್ದೆ. ಅವನು ಹಳೆಯ ಪಡಿತರ ಚೀಟಿ, ಜಮೀನಿನ ಪತ್ರ ಎಲ್ಲ ಹುಡುಕಿದ. ಎಲ್ಲದರಲ್ಲೂ ತಾತನ ಹೆಸರೇ. ಹದಿನೈದು ದಿನದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. "ಭಾವ, ಅಟ್ಟದ ಮೇಲೆ ಸಿಕ್ತು, ನೋಡಿ" ಎಂದು ಬರೆದಿದ್ದ. ಒಂದು ಹಿತ್ತಾಳೆ ಬಿಂದಿಗೆಯ ಕಂಠ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ನಿಮಗೆಲ್ಲ ಗೊತ್ತಲ್ಲ. ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳು, ಅರ್ಧ ಸವೆದಿದ್ದವು. ದೊಡ್ಡದು ಮಾಡಿಕೊಂಡು ಓದಿದೆ. ಐವತ್ತು ದಾಟಿದ ಮೇಲೆ ಅಜ್ಜಿಯ ಹೆಸರನ್ನು ಮೊದಲನೆಯ ಸಲ ಬಾಯಿಬಿಟ್ಟು ಹೇಳಿದೆ.

ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯದು. ಮಗಳು ಅದನ್ನು ಅವಳ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಬರೆದಳು.

ಅಮ್ಮನಿಗೂ ಫೋನು ಮಾಡಿ ಆ ಹೆಸರು ಹೇಳಿದೆ. "ಯಾರೋ ಅವರು? ನಮ್ಮ ಕಡೆಯವರಾ?" ಅಂದಳು. "ಹೌದಮ್ಮ, ನಮ್ಮ ಕಡೆಯವರೇ" ಅಂದೆ. ಆಮೇಲೆ, "ಬೀಸುವಾಗ ಏನು ಹಾಡ್ತಿದ್ರಮ್ಮ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಸಣ್ಣಗೆ ಹಾಡತೊಡಗಿದಳು. ಮೂರು ಸಾಲು. ಈಗ ಪ್ರತಿ ಶನಿವಾರ ಮಾತ್ರೆಯ ವಿಷಯ ಆಮೇಲೆ, ಮೊದಲು ಹಾಡು. ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಾಳೆ. ಹನ್ನೊಂದು ಹಾಡು ಆಗಿದೆ.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಒಂದು ವಿನಂತಿ. ನೆನಪನ್ನು ಉಳಿಸಿದವರೆಲ್ಲ ಮಹಾಕವಿಗಳಲ್ಲ ಎಂದು ಈ ಇತಿಹಾಸ ಹೇಳುತ್ತದೆ. ಒಬ್ಬ ಸಿಪಾಯಿ, ಒಬ್ಬ ತಮ್ಮ, ಒಬ್ಬ ವಿಧವೆ, ರಾಗಿ ಬೀಸುವ ಹೆಂಗಸರು. ನಮ್ಮ ಸಂಘದ ಪ್ರತಿ ಮನೆಯವರೂ ಒಂದೊಂದು ಪುಟ ಬರೆದುಕೊಡಿ. ನಿಮ್ಮ ಅಜ್ಜಿಯ ಪೂರ್ತಿ ಹೆಸರು, ಅವರ ತವರೂರು, ಅವರು ಮಾಡುತ್ತಿದ್ದ ಒಂದು ಅಡಿಗೆ, ಅವರು ಆಡುತ್ತಿದ್ದ ಒಂದು ಮಾತು. ಅಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ವೈದ್ಯರ ಅಕ್ಷರ ಓದಿ ಸಂಪಾದಕರಿಗೆ ಅಭ್ಯಾಸವಾಗಿದೆ. ಊರಿನಿಂದ ತಂದೆತಾಯಿ ಬಂದಿದ್ದರೆ ಅವರನ್ನು ಈ ವಾರವೇ ಕೂರಿಸಿಕೊಂಡು ಕೇಳಿ. ಎಲ್ಲ ಪುಟಗಳನ್ನೂ ಸೇರಿಸಿ ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚೋಣ. ಅತ್ತಿಮಬ್ಬೆಯ ಸಾವಿರ ಪ್ರತಿ ನಮ್ಮಿಂದ ಆಗದು, ನೂರಾದರೂ ಮಾಡೋಣ. ಕಾಗದದ ಖರ್ಚು ನನ್ನದು.